ಭಾನುವಾರದ ನಟ್ಟು

ಬಿಡಿಭಾಗಗಳ ಕಿಟ್ ತರಿಸಿಕೊಂಡು ನಿವೃತ್ತ ಮೇಷ್ಟರು ಮನೆಯ ಶೆಡ್ಡಿನಲ್ಲಿ ಒಬ್ಬರೇ ಕಾರು ಕಟ್ಟುತ್ತಿದ್ದರು. ಸೀಟ್ ಬೆಲ್ಟಿಗೆ ಮಾತ್ರ ಇಬ್ಬರು ಬೇಕು. ಒಳಗೆ ಒಬ್ಬರು ಬೋಲ್ಟು ಹಿಡಿದರೆ, ಕಾರಿನಡಿ ಮಲಗಿ ಇನ್ನೊಬ್ಬರು ನಟ್ಟು ಬಿಗಿಯಬೇಕು. ಅದಕ್ಕೆಂದು ಭಾನುವಾರ ಪಕ್ಕದ ಮನೆಯ ರುದ್ರಯ್ಯ ಬರುತ್ತಿದ್ದರು. ಆ ಮನೆಗೆ ಬರುತ್ತಿದ್ದವರು ಅವರೊಬ್ಬರೇ.

“ಹೋದ ವಾರಾನೂ ಇದನ್ನೇ ಬಿಗಿದಿದ್ದೆ ಅಲ್ವಾ ಮೇಷ್ಟ್ರೇ?” ಅಡಿಯಿಂದ ರುದ್ರಯ್ಯ ಕೇಳಿದರು.

“ಮತ್ತೆ ಸಡಿಲ ಆಗ್ಬಿಟ್ಟಿದೆ. ಬೆಲ್ಟು ಅಂದ್ರೆ ಜೀವದ ವಿಷಯ ನೋಡಿ.”

ರುದ್ರಯ್ಯ ಒಂದೆರಡು ಸಲ ಸ್ಪ್ಯಾನರ್ ತಿರುಗಿಸಿದರು. ಆಮೇಲೆ, “ಆಯ್ತು, ಇನ್ನು ಅಲ್ಲಾಡಲ್ಲ” ಎಂದು ಎದ್ದು ಬಂದು, ಕಾಫಿ ಕುಡಿದು ಹೋದರು.

ಗೇಟಿನ ಸದ್ದಾದ ಮೇಲೆ ಮೇಷ್ಟರು, ಪ್ರತಿ ವಾರದಂತೆ, ಆ ನಟ್ಟನ್ನು ಸಡಿಲಿಸಲು ಸ್ಪ್ಯಾನರ್ ಹಿಡಿದು ಕಾರಿನಡಿ ನುಸುಳಿದರು.

ಸ್ಪ್ಯಾನರ್ ಬೇಕಾಗಲಿಲ್ಲ. ನಟ್ಟು ಬೆರಳಿಗೇ ತಿರುಗಿತು.