ಅಪ್ಪ ಮಾಡಿದ ಕುರ್ಚಿ

ಮರದ ಹೊಟ್ಟಿನ ವಾಸನೆ ಬಂದರೆ ಈಗಲೂ ನನಗೆ ಅಕ್ಕನನ್ನು ನೋಡಲು ಗಂಡಿನವರು ಬಂದ ಮಧ್ಯಾಹ್ನ ನೆನಪಾಗುತ್ತದೆ.

ಗುಮಾಸ್ತರಾಗಿದ್ದ ಅಪ್ಪ ರಾಜಾಜಿನಗರದ ನಮ್ಮ ಹೊಸ ಮನೆಯ ಹಿತ್ತಲಿಗೆ ಶೀಟು ಹೊದಿಸಿ, ಮರಗೆಲಸದ ಮೇಜು ಹಾಕಿಕೊಂಡಿದ್ದರು. ಭಾನುವಾರವೆಲ್ಲ ಉಜ್ಜುಗೊರಡು ಹಿಡಿದು ಹಾಡು ಗುನುಗುತ್ತಿದ್ದರು. ಅಂದು ಅಮ್ಮ ಆ ಮೇಜಿನ ಮೇಲೆಲ್ಲ ಜಮಖಾನ ಹೊದಿಸಿ, "ನಮ್ಮನ್ನ ಆಚಾರಿಗಳು ಅಂದ್ಕೊಂಡು ಅವ್ರು ಎದ್ದು ಹೋದ್ರೆ? ಬಾಯಿ ಬಿಡ್ಬೇಡಿ" ಅಂದಳು.

ಗಂಡಿನ ತಂದೆ ಅಪ್ಪ ಮಾಡಿದ ಕುರ್ಚಿಯಲ್ಲೇ ಕೂತರು. ಅದರ ನುಣುಪಾದ ಕೈಗಳನ್ನು ಸವರುತ್ತಾ, "ಭೇಷಾಗಿದೆ ಸ್ವಾಮಿ! ಈ ಆಚಾರಿ ಎಲ್ಲಿ ಸಿಕ್ತಾನೆ?" ಎಂದು ಕೇಳಿದರು.

ಅಪ್ಪ ಅಂಟು ಮೆತ್ತಿದ ಬೆರಳುಗಳನ್ನು ಶಲ್ಯದೊಳಗೆ ಎಳೆದುಕೊಂಡು, "ಊರು ಬಿಟ್ಟು ಹೋದ ಸ್ವಾಮಿ" ಅಂದರು.

ಸಂಬಂಧ ಕುದುರಿತು. ಮುಂದಿನ ಭಾನುವಾರ ಆ ಮೇಜನ್ನು ಬಿಸಿಲಿಗೆಳೆದು ಅಮ್ಮ ಹಪ್ಪಳ ಒಣಹಾಕಿದಳು. ಅಪ್ಪ ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದರು.