ಎದುರಾಳಿಯ ವಾದ

"ನನ್ನ ವಾದ ಹೇಳೋಕೆ ನಿಮ್ಮ ಕೈಲಾಗಲ್ಲ ಬಿಡಿ ಸರ್," ಎಂದು ಉಪನ್ಯಾಸಕಿ ತುಂಬಿದ ಸಭೆಯಲ್ಲೇ ಚುಚ್ಚಿದಳು. ವಿಭಾಗದ ಮುಖ್ಯಸ್ಥರ ಮುಖ ಕೆಂಪೇರಿತು. ಏಳುನೂರು ವರ್ಷಗಳ ಹಿಂದಿನ ಕ್ರೈಸ್ತ ತತ್ವಜ್ಞಾನಿಯೊಬ್ಬನ ಕುರಿತ ಅವಳ ತರಗತಿಯನ್ನು ಮುಚ್ಚಿಸಲೆಂದೇ ಅವರು ಸಭೆ ಕರೆದಿದ್ದರು. ಎದುರಾಳಿಯ ವಾದವನ್ನು ಮೊದಲು ಗಟ್ಟಿಯಾಗಿ ಮಂಡಿಸಿ, ಆಮೇಲೆ ಖಂಡಿಸುವುದು ಆ ತತ್ವಜ್ಞಾನಿಯ ಪದ್ಧತಿ. ಅವಳು ಈಗಷ್ಟೇ ಮುಖ್ಯಸ್ಥರ ವಾದವನ್ನು ಹಾಗೆ ಮಂಡಿಸಿದ್ದಳು: ಮೂರೇ ವಿದ್ಯಾರ್ಥಿಗಳು, ಹಳೇ ದೇವರ ಚರ್ಚೆ, ಯಾರಿಗೂ ಬೇಡದ ಪಾಠ. ಸದಸ್ಯರೆಲ್ಲ ತಲೆದೂಗಿಬಿಟ್ಟಿದ್ದರು.

"ನನ್ನ ಕೈಲಾಗಲ್ವಾ? ನೀನು ಹುಟ್ಟೋ ಮುಂಚೇನೇ ಅವನನ್ನ ಓದಿದೀನಮ್ಮ!" ಮುಖ್ಯಸ್ಥರು ಕನ್ನಡಕ ಕಿತ್ತು ಮೇಜಿನ ಮೇಲೆ ಕುಕ್ಕಿದರು. ಎದ್ದು ನಿಂತು, ಅವಳನ್ನೇ ದುರುಗುಟ್ಟಿ ನೋಡುತ್ತಾ ಹೇಳತೊಡಗಿದರು. ಇವತ್ತು ಎಲ್ಲರೂ ಎದುರಿನವರ ಬಾಯಿ ಮುಚ್ಚಿಸಿಯೇ ಗೆಲ್ಲುತ್ತಾರೆ. ಕೇಳಿಸಿಕೊಂಡು ಗೆಲ್ಲುವುದನ್ನು ಕಲಿಸುವ ತರಗತಿ ಈ ಕಾಲೇಜಿನಲ್ಲಿ ಇದೊಂದೇ. ಮೂವರೇ ಕಲಿತರೂ ಮೂರು ಮನೆಗಳಲ್ಲಾದರೂ ಜಗಳ ಮನುಷ್ಯರ ಜಗಳವಾಗುತ್ತದೆ. ತನ್ನ ವಾದವನ್ನು ಇಷ್ಟು ಚೆನ್ನಾಗಿ ಅವಳೇ ಎಂದೂ ಹೇಳಿರಲಿಲ್ಲ.

"ಸಾಕಾ ತಾಯಿ? ಈಗ ಮುಚ್ಚಬೇಕು ಅನ್ನೋರು ಕೈ ಎತ್ರಿ," ಎಂದ ಅವರು, ಖಂಡಿಸುವುದನ್ನೇ ಮರೆತು, ಗೆದ್ದವರಂತೆ ಕೈ ಎತ್ತಿದರು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿದ್ದದ್ದು ಮುಖ್ಯಸ್ಥರದೊಂದೇ ಕೈ.