ಕಾಣದ ಆಟದ ವೀಕ್ಷಕ ವಿವರಣೆ

ಏಷ್ಯಾ ಮಹಿಳೆಯರ ಐಸ್ ಹಾಕಿ ಫೈನಲ್ ಮುಗಿಯಲು ಮೂರೇ ನಿಮಿಷ, ನಮ್ಮವರು ಎರಡು-ಒಂದರಿಂದ ಮುಂದಿದ್ದಾರೆ ಅನ್ನುವಾಗ ರೇಡಿಯೊ ಸ್ಟುಡಿಯೊದ ಪರದೆ ಕಪ್ಪಾಯಿತು. ಆಟ ನಡೆಯುತ್ತಿದ್ದದ್ದು ಸಮುದ್ರದಾಚೆ. ವೀಕ್ಷಕ ವಿವರಣೆ ಕೊಡುತ್ತಿದ್ದ ಗುಡುಗಣ್ಣ ಕೂತಿದ್ದದ್ದು ಇಲ್ಲಿ, ಸದ್ದಾಗುತ್ತದೆಂದು ಫ್ಯಾನು ಆರಿಸಿದ ಕೋಣೆಯಲ್ಲಿ, ಬರಿಯ ಬನಿಯನ್ನಿನಲ್ಲಿ. ಪರದೆಯ ಚಿತ್ರ ನೋಡಿಕೊಂಡು, "ಎಂಥಾ ಚಳಿ ಕೇಳುಗರೇ, ಬೆರಳು ಮರಗಟ್ಟುತ್ತಿದೆ" ಎಂದು ಬೆವರು ಒರೆಸಿಕೊಳ್ಳುತ್ತಾ ಹೇಳುವುದು ಅವನ ಕಸುಬು. ಟಿವಿಯವರೆಲ್ಲ ಗಂಡಸರ ಬೇಸ್‌ಬಾಲ್ ಸರಣಿಯ ಬೆನ್ನು ಹತ್ತಿದ್ದರು, ಹೆಂಗಸರ ಐಸ್ ಹಾಕಿಯನ್ನು ಮೂಸಿಯೂ ನೋಡಿರಲಿಲ್ಲ. ಆ ಮಧ್ಯಾಹ್ನ ಇಡೀ ದೇಶಕ್ಕೆ ಕಣ್ಣು ಅಂತ ಇದ್ದದ್ದು ಗುಡುಗಣ್ಣನ ಬಾಯಿ ಒಂದೇ.

ಆ ಬಾಯಿ ನಿಲ್ಲಲಿಲ್ಲ. ರೇಡಿಯೊದಲ್ಲಿ ಏನು ಬೇಕಾದರೂ ಮಾಡಬಹುದು, ಸುಮ್ಮನಿರುವಂತಿಲ್ಲ. ಹಾಗಂತ ಆಗದ ಗೋಲು ಕಟ್ಟಿ ಹೇಳಿದರೆ ನಾಳೆ ಸಿಕ್ಕಿಬೀಳುವುದು ಖಂಡಿತ. ಮಾತಿನಲ್ಲಿ ಆಟವನ್ನೇ ನಿಲ್ಲಿಸಿಬಿಟ್ಟರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಕಸುಬಿನ ಹಳಬರೆಲ್ಲ ಬಲ್ಲ ಉಪಾಯ ಅದು. ಮೊದಲು ನಮ್ಮ ಗೋಲ್‌ಕೀಪರ್ ಹುಡುಗಿಯ ಸ್ಕೇಟಿನ ಪಟ್ಟಿ ಕಿತ್ತುಹೋಯಿತು. ಪಟ್ಟಿ ಕಟ್ಟಿ ಮುಗಿದರೂ ಚಿತ್ರ ಬರಲಿಲ್ಲವಾದ್ದರಿಂದ ಹುಡುಗಿ ಐಸ್ ಮೇಲೆ ಕೂತಳು. ಕೂತವಳು ಏಳಲಿಲ್ಲ.

"ಎಡ ಮೊಣಕಾಲು ಹಿಡಿದುಕೊಂಡಿದ್ದಾಳೆ ಕೇಳುಗರೇ, ಮುಖ ಕಿವುಚುತ್ತಿದ್ದಾಳೆ, ಅಗೋ, ವೈದ್ಯರು ಓಡಿ ಬಂದರು" ಎಂದ ಗುಡುಗಣ್ಣ. ಮಾತಿನ ಭರದಲ್ಲಿ ಆ ಮೊಣಕಾಲು ಅವನಿಗೂ ಕಂಡುಬಿಟ್ಟಿತ್ತು.

ಗಾಜಿನ ಈಚೆ, ಕಡಿದುಹೋದ ಲೈನಿಗಾಗಿ ಒದ್ದಾಡುತ್ತಿದ್ದ ಇಂಜಿನಿಯರಮ್ಮನ ಮೇಜಿನಲ್ಲಿ ಫೋನು ಹೊಡೆದುಕೊಂಡಿತು.

"ಯಾವ ಕಾಲಮ್ಮ? ಎಡದ್ದೇನಾ?" ಆ ಕಡೆ ಒಬ್ಬ ಹೆಂಗಸು. "ನಾನು ಗೋಲಲ್ಲಿ ನಿಂತಿರೋಳ ತಾಯಿ. ಹೋದ ವರ್ಷ ಆಪರೇಷನ್ ಆಗಿರೋದು ಅದೇ ಕಾಲಿಗೆ. ಇನ್ನೊಂದು ಸಲ ಪೆಟ್ಟು ಬಿದ್ರೆ ನಡೆಯೋದೂ ಕಷ್ಟ ಅಂದಿದ್ರು ಡಾಕ್ಟ್ರು. ಅವರಪ್ಪ ಬೇಡ ಬೇಡ ಅಂದ್ರೂ ನಾನೇ ಹಟ ಮಾಡಿ ಕಳಿಸ್ದೆ." ಮುಂದಿನದು ಬರೀ ಅಳು.

ಇಂಜಿನಿಯರಮ್ಮ ಗುಂಡಿ ಒತ್ತಿ ಗುಡುಗಣ್ಣನ ಕಿವಿಗೆ ಮಾತ್ರ ಕೇಳುವಂತೆ ಹೇಳಿದಳು: "ಅಣ್ಣಾ, ಆ ಹುಡುಗಿ ಅಮ್ಮ ಫೋನಲ್ಲಿದ್ದಾರೆ. ಎಡಗಾಲು ನಿಜವಾಗ್ಲೂ ಆಪರೇಷನ್ ಆಗಿದ್ದಂತೆ. ಅಳ್ತಿದ್ದಾರೆ. ಮೊದಲು ಅವಳನ್ನ ಎಬ್ಬಿಸಿ."

ಗುಡುಗಣ್ಣನ ಬಾಯಿ ಕಟ್ಟಿತು. ಜನ್ಮದಲ್ಲಿ ಒಮ್ಮೆಯೂ ಸುಮ್ಮನಾಗದ ರೇಡಿಯೊ ಸುಮ್ಮನಾದದ್ದೇ ತಡ, ಫೋನಿನಲ್ಲಿ ತಾಯಿ ಚೀರಿದಳು. "ಯಾಕೆ ಸುಮ್ಮನಾದ್ರು? ಏನಾಯ್ತು ನನ್ನ ಮಗಳಿಗೆ?"

ಇಂಜಿನಿಯರಮ್ಮನಿಗೆ ತಡೆಯಲಾಗಲಿಲ್ಲ. "ಏನೂ ಆಗಿಲ್ಲಮ್ಮ. ನಮಗಿಲ್ಲಿ ಚಿತ್ರಾನೇ ಬರ್ತಿಲ್ಲ. ಸುಮ್ನಿರೋಕಾಗಲ್ಲ ಅಂತ ಅಣ್ಣ ಕಟ್ಟಿ ಹೇಳ್ತಿದ್ರು, ಅಷ್ಟೇ."

ಅಳು ನಿಂತಿತು. "ಕಟ್ಟಿ ಹೇಳ್ತಿದ್ರಾ?"

"ಹೂಂನಮ್ಮ. ತಪ್ಪು ತಿಳ್ಕೋಬೇಡಿ."

ಅಷ್ಟರಲ್ಲಿ ಒಳಗೆ ಗುಡುಗಣ್ಣ ಗಂಟಲು ಸರಿಮಾಡಿಕೊಂಡಿದ್ದ. "ಎದ್ದಳು ಕೇಳುಗರೇ! ಕೋಲು ಊರಿ ಎದ್ದೇಬಿಟ್ಟಳು. ಮೊಣಕಾಲಿಗೆ ಏನೂ ಆಗಿಲ್ಲವೆಂದು ವೈದ್ಯರೇ ಕೈಸನ್ನೆ ಮಾಡುತ್ತಿದ್ದಾರೆ. ಗಟ್ಟಿಗಿತ್ತಿ." ಮೂಟೆ ಇಳಿಸಿದ ಹಮಾಲಿಯ ಹಾಗೆ ಉಸ್ಸೆಂದು ಕುರ್ಚಿಗೆ ಒರಗಿದ. ಒರಗಿದವನು ದಡಬಡಿಸಿ ಎದ್ದ. ಪರದೆಯಲ್ಲಿ ಚಿತ್ರ ಬಂದಿತ್ತು.

ಸ್ಕೋರು ಹಾಗೇ ಇತ್ತು. ಉಳಿದದ್ದು ಇಪ್ಪತ್ತು ಸೆಕೆಂಡು. ಎದುರಾಳಿಗಳು ಮಾಡು ಇಲ್ಲವೇ ಮಡಿ ಎಂದು ತಮ್ಮ ಗೋಲ್‌ಕೀಪರನ್ನೂ ಹೊರಗೆ ಕರೆದು, ಅವಳ ಜಾಗಕ್ಕೆ ಇನ್ನೊಬ್ಬಳನ್ನು ದಾಳಿಗೆ ಬಿಟ್ಟಿದ್ದರು. ಈ ಆಟದಲ್ಲಿ ಚೆಂಡಿನ ಬದಲಿಗಿರುವ ಬಿಲ್ಲೆ ನಮ್ಮ ಗೋಲಿನ ಮುಂದೆಯೇ ಇತ್ತು. ನಮ್ಮ ಹುಡುಗಿ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದ್ದಳು. ಗುಡುಗಣ್ಣನಿಗೆ ಅವಳನ್ನು ಕಂಡು ಹೆತ್ತವನಷ್ಟು ಸಂತೋಷವಾಯಿತು.

"ಹೊಡೆದರು! ತಡೆದಳು! ಬಿಲ್ಲೆ ಇನ್ನೂ ಅಲ್ಲೇ ಇದೆ, ಮತ್ತೆ ಹೊಡೆದರು, ಈ ಸಲ ಬಲಮೂಲೆಗೆ, ಕೈಗವಸಲ್ಲಿ ಬಾಚಿದಳು, ಜಾರಿತು, ಅಯ್ಯೋ, ಬಿದ್ದಳು, ಗೋಲು ಖಾಲಿ, ಮೂರನೇ ಹೊಡೆತ…" ಅವನು ಕುರ್ಚಿ ಒದ್ದು ನಿಂತಿದ್ದ. ಹುಡುಗಿ ಬಿದ್ದಲ್ಲಿಂದಲೇ ಎಡಗಾಲನ್ನು ಉದ್ದಕ್ಕೆ ಚಾಚಿದಳು. ರಬ್ಬರಿನ ಬಿಲ್ಲೆ ಆ ಕಾಲಿಗೆ ಬಡಿದು ಆಚೆ ಚಿಮ್ಮಿತು. ಆಟ ಮುಗಿದ ಸೈರನ್ನು ಕೂಗಿತು.

"ಎಡಗಾಲು ಕೇಳುಗರೇ! ಅದೇ ಎಡಗಾಲು! ಚಾಂಪಿಯನ್ನರು! ನಾವೇ ಏಷ್ಯಾಕ್ಕೆ ಚಾಂಪಿಯನ್ನರು!" ಪರದೆಯಲ್ಲಿ ಹುಡುಗಿ ತಾನೇ ಎದ್ದು ಕುಣಿಯತೊಡಗಿದ್ದಳು. ಗುಡುಗಣ್ಣ ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸಿದ. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಹೇಳಿರಲಿಲ್ಲ.

ಮೈಕು ಆರಿದೊಡನೆ ಇಂಜಿನಿಯರಮ್ಮ ಫೋನು ಹಿಡಿದು ಒಳಗೆ ನುಗ್ಗಿದಳು. "ಇನ್ನೂ ಲೈನಲ್ಲಿದ್ದಾರೆ ಅಣ್ಣ. ನೀವೇ ಮಾತಾಡಿ."

"ಅಮ್ಮಾ, ಕೇಳಿಸ್ಕೊಂಡ್ರಾ?" ಗುಡುಗಣ್ಣ ಫೋನು ಕಿತ್ತುಕೊಂಡ. "ನಿಮ್ಮ ಮಗಳು ಗೆಲ್ಲಿಸಿಬಿಟ್ಲು. ಆ ಕಾಲಲ್ಲೇ ತಡೆದ್ಲು. ಈಗ ಕುಣೀತಿದ್ದಾಳಮ್ಮ, ಕುಣೀತಿದ್ದಾಳೆ."

ಆ ಕಡೆಯಿಂದ ತಾಯಿ ಅಂಜುತ್ತಾ ಕೇಳಿದಳು:

"ಬೇಜಾರು ಮಾಡ್ಕೋಬೇಡಿ ಅಣ್ಣ. ಇದು ಕಂಡು ಹೇಳ್ತಿರೋದಾ, ಕಟ್ಟಿ ಹೇಳ್ತಿರೋದಾ?"